ತಂದೆಯವರ ವಿಮಾನಕ್ಕೊಂದು ತಾಯಿಹಲಗೆ

ಪುಣೆಯ ವಿಶ್ರಾಂತವಾಡಿಯಲ್ಲಿ ನಮ್ಮ ಮನೆ. ಲೋಹಗಾವ್ ನಿಲ್ದಾಣಕ್ಕೆ ಪಡುವಣ ದಿಕ್ಕಿನಿಂದ ಬಂದಿಳಿಯುವ ವಿಮಾನಗಳು ನಮ್ಮ ಮಾಳಿಗೆಗೆ ತೀರ ಸಮೀಪದಲ್ಲಿ ಹಾಯ್ದು ಹೋಗುತ್ತವೆ. ಹೊಸಬರು ಮನೆಗೆ ಬಂದರೆ ಆ ಸದ್ದಿಗೆ ಬೆಚ್ಚಿ ಮಾತು ನಿಲ್ಲಿಸುವುದುಂಟು. ನನ್ನ ತಂದೆಯವರು ಮಾತ್ರ ಆ ಹೊತ್ತಿಗೆ ಕಣ್ಣು ಮುಚ್ಚಿ, ಸದ್ದನ್ನು ಸವಿದವರಂತೆ ತಲೆದೂಗಿ, ಇದು ಇಂಥ ವಿಮಾನ ಎಂದು ಹೇಳಿಬಿಡುವರು. ಮೂವತ್ತು ವರ್ಷಗಳಿಗೂ ಮಿಕ್ಕಿ ವಾಯುಪಡೆಯಲ್ಲಿ ವಿದ್ಯುತ್ ವಿಭಾಗದ ಫಿಟ್ಟರಾಗಿ ದುಡಿದವರು ಅವರು. ೧೯೮೭ರಲ್ಲಿ ಮಿಗ್-೨೯ ವಿಮಾನಗಳು ಲೋಹಗಾವಿಗೆ ಬಂದುದನ್ನೂ ೨೦೦೨ರಲ್ಲಿ ಸುಖೋಯ್-೩೦ ಎಂಕೆಐ ವಿಮಾನಗಳು ಸೇರ್ಪಡೆಗೊಂಡುದನ್ನೂ ಕಣ್ಣಾರೆ ಕಂಡವರು. ಚಾಲಕನ ಆಸನದಲ್ಲಿ ಕುಳಿತು ತಂತಿಗಳನ್ನೂ ದೀಪಗಳನ್ನೂ ಪರೀಕ್ಷಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ಆ ಆಸನದಲ್ಲಿ ಕುಳಿತಾಗಲೆಲ್ಲ ವಿಮಾನವು ನೆಲದ ಮೇಲೆಯೇ ಇತ್ತು.

೨೦೨೨ರ ಕೊನೆಯಲ್ಲಿ ಅವರಿಗೆ ಹೃದಯದ ಬೇನೆ ಕಾಣಿಸಿಕೊಂಡಿತು. ದೂರದ ಪ್ರಯಾಣ ಕೂಡದೆಂದು ವೈದ್ಯರು ಹೇಳಿದರು. ನಮ್ಮ ಮೂಲ ಊರು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಮಗ್ಗುಲ ಹಳ್ಳಿ. ೧೯೪೨ರಲ್ಲಿ ಕಟ್ಟಿದ ಆ ನಿಲ್ದಾಣದ ಬೇಲಿಗೆ ಮುಖವಿಟ್ಟು ವಿಮಾನ ನೋಡುತ್ತಲೇ ಬಾಲ್ಯ ಕಳೆದವರಿಗೆ, ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವ ದಾರಿಯೂ ಮುಚ್ಚಿತು. ಅವರು ಅದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ವಿಮಾನ ಹಾಯ್ದಾಗ ಕಣ್ಣು ಮುಚ್ಚಿ ಹೆಸರು ಹೇಳುವುದನ್ನು ಮಾತ್ರ ನಿಲ್ಲಿಸಿದರು.

ಆಗ ನನ್ನ ಮಗಳು, ನಮ್ಮ ಈ ಶಾಲೆಯಲ್ಲಿಯೇ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದವಳು, ಒಂದು ಉಪಾಯ ಸೂಚಿಸಿದಳು: ‘ಅಜ್ಜ ಊರಿಗೆ ಹೋಗಲಾಗದಿದ್ದರೆ ಮನೆಯಲ್ಲಿಯೇ ಕುಳಿತು ಹಾರಿಕೊಂಡು ಹೋಗಲಿ.’ ಕಂಪ್ಯೂಟರಿನಲ್ಲಿ ವಿಮಾನ ನಡೆಸುವ ಫ್ಲೈಟ್ ಸಿಮ್ಯುಲೇಟರನ್ನು ಅವಳು ಗೆಳತಿಯ ಮನೆಯಲ್ಲಿ ನೋಡಿದ್ದಳು.

ಇದು ಕೇವಲ ಮಕ್ಕಳ ಆಟವೆಂದು ವಾಚಕರು ತಿಳಿಯಬಾರದು. ನೆಲದ ಮೇಲೆ ಕುಳಿತೇ ಹಾರಾಟ ಕಲಿಸುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು ೧೯೨೯ರಲ್ಲಿಯೇ ನಿರ್ಮಿಸಿದನು. ಆತನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿದ್ದಿತು. ಆರ್ಗನ್ನಿಗೆ ಗಾಳಿಯೂಡುವ ತಿದಿಗಳನ್ನೇ ಒಂದು ಪುಟ್ಟ ಮರದ ವಿಮಾನದ ಕೆಳಗೆ ಜೋಡಿಸಿ, ಅದು ಬಾಗುವಂತೆ, ಏಳುವಂತೆ, ತಿರುಗುವಂತೆ ಮಾಡಿದನು. ನಮ್ಮ ಹಾರ್ಮೋನಿಯಮ್ಮಿಗೂ ವಿಮಾನ ವಿದ್ಯೆಗೂ ಇಷ್ಟು ಹತ್ತಿರದ ನಂಟಿದೆಯೆಂದು ಕೇಳಿ ತಂದೆಯವರಿಗೆ ಬಹಳ ದಿನಗಳ ಮೇಲೆ ನಗು ಬಂದಿತು. ಆ ನಗುವನ್ನು ನೋಡಿದ ಮೇಲೆ ನಾನು ಹಿಂದೆಗೆಯಲಿಲ್ಲ.

ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿದರೆ ಹಣವೂ ಉಳಿಯುವುದು, ತಂದೆಯವರ ಕೈಗೆ ಕೆಲಸವೂ ಸಿಗುವುದು ಎಂಬುದು ನನ್ನ ಎಣಿಕೆ. ಮೈಕ್ರೋಸಾಫ್ಟ್ ಸಂಸ್ಥೆಯವರು ೨೦೨೦ರ ಆಗಸ್ಟಿನಲ್ಲಿ ಹೊರತಂದ ಸಿಮ್ಯುಲೇಟರು ಇಡೀ ಭೂಮಂಡಲದ ಊರು, ನದಿ, ಬೆಟ್ಟಗಳನ್ನು ಅಂತರ್ಜಾಲದ ಮೂಲಕ ತರಿಸಿಕೊಂಡು ಬಿಡಿಸುತ್ತದೆ. ಕನಿಷ್ಠ ೮ ಜಿಬಿ ರ‍್ಯಾಮ್ ಬೇಕು, ೩೨ ಇದ್ದರೆ ಉತ್ತಮ; ಡಿಸ್ಕಿನಲ್ಲಿ ೧೫೦ ಜಿಬಿ ತೆರವಿರಬೇಕು. ಇವೆಲ್ಲ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಗತಿಗಳು. ಅಲ್ಲಿ ಅಚ್ಚಾಗದ ಸಂಗತಿಯೆಂದರೆ, ಇದರ ಲೆಕ್ಕಾಚಾರದ ದೊಡ್ಡ ಭಾಗ ಪ್ರೊಸೆಸರಿನ ಒಂದೇ ತಿರುಳಿನ ಮೇಲೆ ಬೀಳುತ್ತದೆ. ಪರದೆಯ ಚಿತ್ರ ಸರಾಗವಾಗಿ ಸಾಗಬೇಕಾದರೆ ಸೆಕೆಂಡಿಗೆ ೩೦ ಚಿತ್ರಗಳಾದರೂ ಬೇಕು. ಎಂದರೆ ಒಂದೊಂದಕ್ಕೆ ೩೩ ಮಿಲಿಸೆಕೆಂಡು. ಆ ಗಡುವು ತಪ್ಪಿದರೆ ವಿಮಾನವು ಆಕಾಶದಲ್ಲಿ ಎಡವುತ್ತದೆ. ಆದುದರಿಂದ ೯೬ ಎಂಬಿಯಷ್ಟು ದೊಡ್ಡ ಒಳಸಂಗ್ರಹವಿದ್ದ ಎಎಂಡಿ ಕಂಪನಿಯ ರೈಜನ್ ೭ ೫೮೦೦-ಎಕ್ಸ್-೩ಡಿ ಎಂಬ ಪ್ರೊಸೆಸರನ್ನು ೨೦೨೩ರ ಫೆಬ್ರುವರಿಯಲ್ಲಿ ಕೊಂಡೆನು. ಸಾಮಾನ್ಯ ೫೮೦೦-ಎಕ್ಸಿನಲ್ಲಿ ಅದು ೩೨ ಮಾತ್ರ. ಸುಮಾರು ಮೂವತ್ತು ಸಾವಿರ ರೂಪಾಯಿಗಳು ಅಲ್ಲಿಗೇ ಹೋದುವು.

ಉಳಿದದ್ದು ಮದರ್‌ಬೋರ್ಡು. ನಾವು ಮನೆಯಲ್ಲಿ ಅದಕ್ಕೆ ತಾಯಿಹಲಗೆ ಎನ್ನುತ್ತೇವೆ. ಪ್ರೊಸೆಸರು, ರ‍್ಯಾಮ್, ಡಿಸ್ಕು, ಗ್ರಾಫಿಕ್ಸ್ ಕಾರ್ಡು ಎಲ್ಲವೂ ಬಂದು ಕೂಡುವುದು ಅದರ ಮೇಲೆ. ಆದರೆ ತಾನಾಗಿ ಅದು ಲೆಕ್ಕ ಮಾಡುವುದಿಲ್ಲ, ಚಿತ್ರ ಬರೆಯುವುದಿಲ್ಲ. ಹಣ ಉಳಿಸಬೇಕೆನ್ನುವವನ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಅಂಗಡಿಯಾತನು ಎರಡು ಹಲಗೆಗಳನ್ನು ಮುಂದಿಟ್ಟನು. ಒಂದರ ಬೆಲೆ ಐದು ಸಾವಿರದ ಒಳಗೆ. ಇನ್ನೊಂದರದು ಅದರ ಎರಡರಷ್ಟಕ್ಕೂ ಹೆಚ್ಚು. ಅಗ್ಗದ ಹಲಗೆಯ ಚಿಪ್‌ಸೆಟ್ಟಿನ ಹೆಸರು ಎ-೩೨೦. ನಮ್ಮ ಮಾಳಿಗೆಯ ಪಕ್ಕ ದಿನಕ್ಕೆ ಎಷ್ಟೋ ಸಲ ಹಾಯುವ ಏರ್‌ಬಸ್ ವಿಮಾನದ ಹೆಸರೂ ಎ-೩೨೦! ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ನನಗೆ ಗೊತ್ತಿದ್ದಿತು. ಗೊತ್ತಿದ್ದೂ ಆ ಹೆಸರು ನನಗೆ ಶುಭಶಕುನದಂತೆ ಕಂಡಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ‘ಪ್ರೊಸೆಸರು ಇದರ ಮೇಲೆ ಕೂಡುತ್ತದೆಯೇ?’ ಎಂದು ಕೇಳಿದೆನು. ‘ಕೂಡುತ್ತದೆ, ಬಯಾಸ್ ಹೊಸದು ಹಾಕಿಕೊಡುತ್ತೇನೆ’ ಎಂದನು. ಆತನ ಮಾತು ನಿಜವಾಗಿದ್ದಿತು. ನನ್ನ ಪ್ರಶ್ನೆಯೇ ಸಾಲದಾಗಿದ್ದಿತು.

ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ತಂತಿ, ಸ್ವಿಚ್ಚುಗಳನ್ನು ತಂದು ತಂದೆಯವರು ಒಂದು ಪುಟ್ಟ ಫಲಕವನ್ನೂ ಕಟ್ಟಿದರು. ಮಾರ್ಚಿನಲ್ಲಿ ಎಲ್ಲವೂ ಸೊಗಸಾಗಿ ನಡೆಯಿತು. ಏಪ್ರಿಲ್ ಕೊನೆಗೆ ಪುಣೆಯ ಬಿಸಿಲು ೪೦ ಡಿಗ್ರಿಗೆ ಏರಿತು ನೋಡಿ, ವಿಮಾನಕ್ಕೆ ಬೇನೆ ಹಿಡಿಯಿತು. ಹಾರಲು ತೊಡಗಿದ ಅರ್ಧ ಗಂಟೆಯವರೆಗೆ ಏನೂ ಇಲ್ಲ. ಆಮೇಲೆ ಊರಿನ ದಟ್ಟವಾದ ಕಟ್ಟಡಗಳ ಮೇಲೆ ಬಂದು ಇಳಿಯಬೇಕೆನ್ನುವಾಗ ಚಿತ್ರ ತೊದಲುವುದು. ಸಾಲದ್ದಕ್ಕೆ ಹಿಂಬದಿಯ ಯುಎಸ್‌ಬಿ ರಂಧ್ರಗಳು ಸಾಲದೆ ನಾನು ಸಿಕ್ಕಿಸಿದ್ದ ಹಬ್ಬಿನಿಂದ ಕಾಲಿನ ಪೆಡಲುಗಳು ನಡುನಡುವೆ ಕಡಿದುಹೋಗುತ್ತಿದ್ದುವು. ಖಡಕಿಯ ಮೇಲಿಂದ ಬಂದು ೧೦ನೆಯ ರನ್‌ವೇಗೆ ಇಳಿಯಹೊರಟ ತಂದೆಯವರು ಮೂರು ಸಲ ನಮ್ಮ ಬಡಾವಣೆಯಲ್ಲಿಯೇ ಬಿದ್ದರು.

ನಾನು ಅಂತರ್ಜಾಲದ ವೇಗವನ್ನು ದೂರಿದೆನು. ಗ್ರಾಫಿಕ್ಸ್ ಕಾರ್ಡನ್ನು ದೂರಿದೆನು. ಮನಸ್ಸಿನೊಳಗೆ, ಎಪ್ಪತ್ತೆರಡರ ಕೈ ನಡುಗುತ್ತಿರಬಹುದೇ ಎಂದೂ ಯೋಚಿಸಿದೆನು. ತಂದೆಯವರು ಏನನ್ನೂ ದೂರದೆ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ, ಅಂಗೈಯ ಹಿಂಭಾಗವನ್ನು ಹಲಗೆಗೆ ತಾಗದಂತೆ ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ಮೆಲ್ಲನೆ ಸರಿಸುತ್ತ ಹೋದರು. ಪ್ರೊಸೆಸರಿನ ಎಡಕ್ಕೆ ಸಾಲಾಗಿ ನಿಂತ ಕರಿಯ ಚಿಪ್ಪುಗಳ ಬಳಿ ಕೈ ನಿಂತಿತು.

“ಇಲ್ಲಿ ಒಲಿ ಉರಿಯಾಕ ಹತ್ತೈತಿ. ಇದರ ಕೆಲಸ ಏನಪಾ?” ಎಂದರು.

ಅದು ವೋಲ್ಟೇಜನ್ನು ಇಳಿಸುವ ಭಾಗ. ಒಳಗೆ ಬರುವುದು ೧೨ ವೋಲ್ಟು. ಪ್ರೊಸೆಸರಿಗೆ ಬೇಕಾದುದು ಒಂದು, ಒಂದೂಕಾಲು ವೋಲ್ಟು. ತಂದೆಯವರು ಅಲ್ಲಿಯೇ ಲೆಕ್ಕ ಹಾಕಿದರು. ೧೦೦ ವ್ಯಾಟಿನಷ್ಟು ಶಕ್ತಿಯನ್ನು ೧.೨ ವೋಲ್ಟಿನಲ್ಲಿ ಕೊಡಬೇಕಾದರೆ ೮೦ ಅಂಪೇರಿಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ಮನೆಯ ೨೦೦೦ ವ್ಯಾಟಿನ ಗೀಜರು ಎಳೆಯುವುದು ಒಂಬತ್ತು ಅಂಪೇರನ್ನೂ ಮುಟ್ಟುವುದಿಲ್ಲ. ಇಷ್ಟು ದೊಡ್ಡ ಪ್ರವಾಹವನ್ನು ನಮ್ಮ ಅಗ್ಗದ ಹಲಗೆಯು ಬೆರಳೆಣಿಕೆಯ ಚಿಪ್ಪುಗಳ ಮೇಲೆ ಹೊರಿಸಿ, ಅವುಗಳ ತಲೆಯ ಮೇಲೆ ಶಾಖ ಹೀರುವ ಒಂದು ತುಂಡು ಅಲ್ಯುಮಿನಿಯಮ್ಮನ್ನೂ ಇಟ್ಟಿರಲಿಲ್ಲ. ಕಾವು ಮಿತಿಮೀರಿದಾಗ ಹಲಗೆಯು ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರಿನ ವೇಗವನ್ನು ಕುಗ್ಗಿಸುತ್ತಿದ್ದಿತು. ಮೂವತ್ತು ಸಾವಿರದ ಕುದುರೆಗೆ ನಾನು ಕೊಳೆತ ಲಗಾಮು ಕಟ್ಟಿದ್ದೆನು. ತಂದೆಯವರ ಕೈ ನಡುಗಿರಲಿಲ್ಲ.

ಎರಡನೆಯ ಸಲದ ಆಯ್ಕೆ ಮೊದಲಿನದಕ್ಕಿಂತ ಕಷ್ಟವಾಯಿತು. ನಮ್ಮ ಪ್ರೊಸೆಸರು ಕೂಡುವ ಎಎಂ-೪ ಎಂಬ ಸಾಕೆಟ್ಟು ೨೦೧೬ರಿಂದ ನಡೆದುಬಂದುದು. ೨೦೨೨ರ ಸೆಪ್ಟೆಂಬರಿನಲ್ಲಿ ಎಎಂ-೫ ಬಂದಿದ್ದಿತು. ಹಳೆಯದರಲ್ಲಿಯೇ ಒಳ್ಳೆಯ ಹಲಗೆ ಕೊಂಡರೆ ಇದ್ದ ಪ್ರೊಸೆಸರೂ ಡಿಡಿಆರ್-೪ ರ‍್ಯಾಮೂ ಉಳಿಯುವುವು, ಆದರೆ ಆ ದಾರಿ ಅಲ್ಲಿಗೇ ಮುಗಿಯುವುದು. ಹೊಸದಕ್ಕೆ ಹೋದರೆ ಎಲ್ಲವನ್ನೂ ಮಾರಿ, ಡಿಡಿಆರ್-೫ ಸಹಿತ ಮೊದಲಿನಿಂದ ಕೊಳ್ಳಬೇಕು, ಆದರೆ ಮುಂದೆ ವರ್ಷಗಟ್ಟಲೆ ಹೊಸ ಪ್ರೊಸೆಸರುಗಳನ್ನು ಅದೇ ಹಲಗೆಯ ಮೇಲೆ ಕೂಡಿಸಬಹುದು. ಕಾಗದದ ಮೇಲೆ ಎರಡೂ ಪಟ್ಟಿ ಬರೆದೆನು. ಬರೆಯುತ್ತ ಬರೆಯುತ್ತ, ಕಾಗದದ ಮೇಲೆ ಬಾರದ ಒಂದು ಅಂಕಿಯನ್ನು ನಾನು ಕೂಡಿಸಿ ಕಳೆಯುತ್ತಿರುವುದು ನನಗೇ ತಿಳಿದು ನಾಚಿಕೆಯಾಯಿತು: ತಂದೆಯವರು ಇದನ್ನು ಇನ್ನೆಷ್ಟು ವರ್ಷ ಬಳಸಿಯಾರು? ಪಟ್ಟಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡೆನು.

ಅವರು ಅದನ್ನು ಕೇಳಿ ಇಸಿದುಕೊಂಡು, ಕನ್ನಡಕ ಏರಿಸಿ, ಎರಡು ಸಲ ಓದಿದರು. ಬಳಿಕ ಶಾಂತವಾಗಿ ಹೇಳಿದರು: “ವಿಮಾನದಾಗ ಒಂದೊಂದು ಸಾಮಾನಿಗೂ ಇಷ್ಟು ತಾಸು ಅಂತ ಆಯುಷ್ಯ ಬರದಿರ್ತಾರ. ಅಷ್ಟು ತಾಸು ಮುಗಿಯೂತನಾ ಅದನ್ನ ಯಾರೂ ತಗದು ಒಗಿಯೂದಿಲ್ಲ. ಈ ಪ್ರೊಸೆಸರು ಚಲೋ ಐತಿ. ಇದಕ್ಕ ತಕ್ಕ ಹಲಗಿ ತಾ.”

ಪ್ರೊಸೆಸರಿನ ಮಾತನ್ನಷ್ಟೇ ಅವರು ಆಡಿದರೋ, ಬೇರೆಯದನ್ನೂ ಆಡಿದರೋ ನಾನು ಕೇಳಲು ಹೋಗಲಿಲ್ಲ.

ಮರುದಿನ ಬಿ-೫೫೦ ಚಿಪ್‌ಸೆಟ್ಟಿನ ಹಲಗೆ ತಂದೆವು. ಈ ಸಲ ಅಂಗಡಿಗೆ ನನ್ನೊಡನೆ ಮಗಳೂ ಬಂದಿದ್ದಳು, ಅಜ್ಜ ಬರೆದುಕೊಟ್ಟ ಪ್ರಶ್ನೆಗಳ ಚೀಟಿ ಹಿಡಿದುಕೊಂಡು. ವೋಲ್ಟೇಜ್ ಇಳಿಸುವ ಭಾಗದ ಮೇಲೆ ದಪ್ಪನೆಯ ಅಲ್ಯುಮಿನಿಯಮ್ ಉಂಟೇ? ಹೊರೆಯನ್ನು ಎಷ್ಟು ಕವಲುಗಳಲ್ಲಿ ಹಂಚಿದ್ದಾರೆ? ಸ್ಟಿಕ್ಕು, ಥ್ರಾಟಲು, ಪೆಡಲು, ಫಲಕ, ಕೀಲಿಮಣೆ, ಮೌಸು ಇವೆಲ್ಲ ಹಬ್ಬಿಲ್ಲದೆ ನೇರವಾಗಿ ಕೂಡುವಷ್ಟು ಯುಎಸ್‌ಬಿ ಹಿಂಬದಿಯಲ್ಲಿ ಉಂಟೇ? ರ‍್ಯಾಮಿಗೆ ನಾಲ್ಕು ಸಾಲು ಉಂಟೇ? ಪುಟ್ಟ ಹುಡುಗಿಯ ಬಾಯಿಂದ ಈ ಪ್ರಶ್ನೆಗಳು ಒಂದಾದ ಮೇಲೊಂದು ಬರುವುದನ್ನು ಕೇಳಿ ಅಂಗಡಿಯಾತನು ಎದ್ದು ನಿಂತನು. ಬಣ್ಣದ ದೀಪಗಳು ಉರಿಯುವ ಇನ್ನೊಂದು ಹಲಗೆಯನ್ನು ಆತನು ತೋರಿಸಿದಾಗ ಮಾತ್ರ ಅವಳ ಕಣ್ಣು ಚೀಟಿಯಿಂದ ಕದಲಿತು. ಅದು ವಯಸ್ಸಿನ ಧರ್ಮ. ನಾನು ಹನ್ನೊಂದು ಸಾವಿರ ಎಣಿಸಿಕೊಟ್ಟು, ದೀಪವಿಲ್ಲದ್ದನ್ನೇ ಎತ್ತಿಕೊಂಡೆನು.

ಮೇ ತಿಂಗಳ ಒಂದು ಮಧ್ಯಾಹ್ನ, ಬಿಸಿಲು ಧಗಧಗಿಸುತ್ತಿರುವಾಗಲೇ, ತಂದೆಯವರು ಸೆಸ್ನಾ-೧೭೨ ಎಂಬ ಪುಟ್ಟ ವಿಮಾನದಲ್ಲಿ ಲೋಹಗಾವ್ ಬಿಟ್ಟರು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಪರಿಶೀಲನೆಯ ಪಟ್ಟಿಯನ್ನು ಓದುತ್ತಿದ್ದಳು. ಪುರಂದರದ ಕೋಟೆ ಸಮೀಪಿಸಿತು, ನೀರಾ ನದಿ ದಾಟಿತು, ಸಾತಾರಾ ಬಲಕ್ಕೆ ಉಳಿಯಿತು, ಕೃಷ್ಣೆಯನ್ನು ದಾಟಿದೆವು, ಕೊಲ್ಲಾಪುರವೂ ಬಲಕ್ಕೆ ಸರಿಯಿತು. ಗಡಿ ದಾಟಿದ್ದು ಗೊತ್ತಾಗಲಿಲ್ಲ, ಮೇಲಿನಿಂದ ಅದು ಕಾಣುವುದೂ ಇಲ್ಲ. ಹಿಡಕಲ್ ಜಲಾಶಯದ ನೀರು ಎಡಗಡೆ ಹೊಳೆದಾಗ ತಂದೆಯವರು “ಘಟಪ್ರಭಾ” ಎಂದರು, ಅಷ್ಟೆ. ಒಂದೂವರೆ ಗಂಟೆಯ ಹಾದಿ; ಚಿತ್ರ ಒಮ್ಮೆಯೂ ತೊದಲಲಿಲ್ಲ. ಸಾಂಬ್ರಾದ ರನ್‌ವೇ ಕಣ್ಣಿಗೆ ಬಿದ್ದರೂ ಅವರು ಇಳಿಯದೆ, ಬೇಲಿಯ ಹೊರಗಿನ ನಮ್ಮ ಹಳ್ಳಿಯ ಮೇಲೆ ಎರಡು ಸುತ್ತು ಹಾಕಿದರು. ನಮ್ಮ ಮನೆಯಿರುವಲ್ಲಿ ಕಂಪ್ಯೂಟರು ಯಾವುದೋ ಗುರುತಿಲ್ಲದ ಮಾಳಿಗೆಯನ್ನು ಕಟ್ಟಿಟ್ಟಿದ್ದಿತು. ಅವರು ಅದಕ್ಕೆ ಬೇಸರಿಸಲಿಲ್ಲ. ಇಳಿದು, ಇಂಜಿನು ನಿಲ್ಲಿಸಿ, ಪಟ್ಟಿಯ ಕೊನೆಯ ಸಾಲನ್ನೂ ಮೊಮ್ಮಗಳಿಂದ ಓದಿಸಿ, ಅಂಗೈಯ ಹಿಂಭಾಗವನ್ನು ಪೆಟ್ಟಿಗೆಯ ತಗಡಿಗೆ ಹಿಡಿದು ನೋಡಿದರು.

“ತಣ್ಣಗೈತಿ. ಚಹಾ ತರ್ರಿ” ಎಂದರು.

ಆ ಹಳೆಯ ಎ-೩೨೦ ಹಲಗೆಯನ್ನು ನಮ್ಮ ಶಾಲೆಯ ವಿಜ್ಞಾನದ ಕೊಠಡಿಗೆ ಕೊಟ್ಟಿದ್ದೇವೆ. ಅದರ ಎಡಮೂಲೆಯ ಕರಿಯ ಚಿಪ್ಪುಗಳ ಸುತ್ತ ತಂದೆಯವರು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ. ವಿದ್ಯಾರ್ಥಿಗಳು ಅದನ್ನು ಕೈಗೆ ತೆಗೆದುಕೊಂಡು ನೋಡಬಹುದು.