ಪಂಪ್ ದೊಡ್ಡದಾದ್ರ ಗಾಡಿ ಜೋರ್ ಓಡತೈತೇನು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕಿನ ರೈತರಿಗೆ ಪಂಪಿನ ಪಾಠ ಯಾರೂ ಹೇಳಬೇಕಾಗಿಲ್ಲ. ಕೃಷ್ಣಾ, ದೂಧಗಂಗಾ ದಂಡೆಯ ಮೇಲೆ ಮೋಟಾರ್ ಇಟ್ಟು, ಅಲ್ಲಿಂದ ಪೈಪ್‌ಲೈನ್ ಎಳೆದು ಕಬ್ಬು ಬೆಳೆಯೋ ಜನ. ಎಷ್ಟು ಎಚ್‌ಪಿ, ಎಷ್ಟು ಎತ್ತರ, ಎಷ್ಟು ನೀರು ಅನ್ನೋದು ಇಲ್ಲಿ ಚಹಾ ಕುಡಿಯುವಾಗಿನ ಮಾತು. ನಾವು ನಾಲ್ವರು ಗೆಳೆಯರು ಇದೇ ಸೀಮೆಯವರು. ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಪಂಪ್ ಅಂದ್ರೆ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ನ ಒಂದು ಗ್ರಾಫ್, ಅಷ್ಟೇ.

ನಮ್ಮಲ್ಲೊಬ್ಬನ ಕಾಕಾ ಕಾಗವಾಡ ಕಡೆಯವರು. ಅವರ ಹತ್ರ ಒಂದು ಹಳೆಯ ಟರ್ಬೊ ಪೆಟ್ರೋಲ್ ಕಾರು ಇದೆ. ರಜೆಯಲ್ಲಿ ಅದಕ್ಕೆ ದೊಡ್ಡ ಫ್ಯೂಯೆಲ್ ಪಂಪ್ ಹಾಕಿ, ಇಸಿಯು ರೀಮ್ಯಾಪ್ ಮಾಡಿಸಿ, ಬೂಸ್ಟ್ ಏರಿಸಬೇಕು ಅಂತ ನಮ್ಮ ಪ್ಲಾನ್. ಕಾಕಾ ಕೇಳಿದ್ದು ಒಂದೇ ಪ್ರಶ್ನೆ: “ಪಂಪ್ ದೊಡ್ಡದಾದ್ರ ಗಾಡಿ ಜೋರ್ ಓಡತೈತೇನು ತಮ್ಮಾ?”

ಉತ್ತರ: ಇಲ್ಲ. ಪಂಪ್ ಶಕ್ತಿ ಕೊಡೋದಿಲ್ಲ. ಟರ್ಬೊ ಹೆಚ್ಚು ಗಾಳಿ ತುಂಬಿದಾಗ ಅದಕ್ಕೆ ತಕ್ಕ ಪೆಟ್ರೋಲ್ ಒದಗಿಸೋದಷ್ಟೇ ಅದರ ಕೆಲಸ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಬೂಸ್ಟ್ ಇದ್ದಾಗ ಪೆಟ್ರೋಲ್ ಕಡಿಮೆ ಬಿದ್ದರೆ ಮಿಶ್ರಣ ತೆಳುವಾಗುತ್ತೆ, ಸಿಲಿಂಡರ್ ಒಳಗೆ ಶಾಖ ಏರುತ್ತೆ, ನಾಕಿಂಗ್ ಶುರುವಾಗುತ್ತೆ, ಕೊನೆಗೆ ಪಿಸ್ಟನ್ನೇ ಕರಗಬಹುದು.

ಇನ್ನೊಂದು ತೊಡಕು. ರೇಲ್‌ನಲ್ಲಿ 3 ಬಾರ್ ಒತ್ತಡ ಇದೆ ಅನ್ನಿ. ಇಂಜೆಕ್ಟರ್‌ನ ಆಚೆ ಬದಿಯಲ್ಲಿ 1 ಬಾರ್ ಬೂಸ್ಟ್ ಎದುರು ತಳ್ಳುತ್ತಿದ್ದರೆ, ಅಷ್ಟೇ ಪೆಟ್ರೋಲ್ ಸಿಂಪಡಿಸಲು ರೇಲ್‌ನಲ್ಲಿ 4 ಬಾರ್ ಬೇಕು. ಆದರೆ ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತೆ. ಅಂದ್ರೆ ಎಂಜಿನ್ ಹೆಚ್ಚು ಕೇಳುವ ಹೊತ್ತಿಗೇ ಪಂಪ್ ಕಡಿಮೆ ಕೊಡುತ್ತೆ. ಇದನ್ನು ವಿವರಿಸಲು ನಾವು ಹಾಳೆ-ಪೆನ್ನು ತೆಗೆದೆವು. ಕಾಕಾ ನಕ್ಕರು. “ಮಡ್ಡಿ ಹೊಲಕ್ಕ ನೀರ್ ಏರಿಸಿದ್ರ ಧಾರಿ ಸಣ್ಣದಾಗತೈತಿ, ಅದೇ ಅಲ್ಲೇನು?” ಅದೇ. ನಮ್ಮ ಸಿಲಬಸ್‌ನ ಇಡೀ ಒಂದು ಮಾಡ್ಯೂಲ್ ಒಂದು ಸಾಲಲ್ಲಿ ಮುಗೀತು.

ಈಗ ಕಬ್ಬಿನ ವಿಷಯ. ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಲ್ಲೇ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಂಥ ಊರುಗಳಲ್ಲಿ ಸಕ್ಕರೆ ಕಾರ್ಖಾನೆ ಜೊತೆ ಡಿಸ್ಟಿಲರಿಯೂ ಇದೆ. ಹಾಗಾಗಿ ಎಥೆನಾಲ್ ಇಲ್ಲಿ ದೂರದ ಸುದ್ದಿಯಲ್ಲ, ಮನೆಯ ಆದಾಯ. ಎಥೆನಾಲ್‌ನ ಆಕ್ಟೇನ್ ಜಾಸ್ತಿ, ಆವಿಯಾಗುವಾಗ ಗಾಳಿಯನ್ನು ಚೆನ್ನಾಗಿ ತಣ್ಣಗೂ ಮಾಡುತ್ತೆ. ಟರ್ಬೊಗೆ ಇವೆರಡೂ ಒಳ್ಳೇದೇ. ಆದರೆ 1 ಕೆಜಿ ಎಥೆನಾಲ್‌ಗೆ ಗಾಳಿ ಬೇಕಿರೋದು ಸುಮಾರು 9 ಕೆಜಿ ಮಾತ್ರ. ಹಾಗಾದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಇ20ಗೆ ಲೆಕ್ಕ ಹಾಕಿದಾಗ ಶುದ್ಧ ಪೆಟ್ರೋಲ್‌ಗಿಂತ 7-8% ಹೆಚ್ಚು ಲೀಟರ್ ಹರಿಯಬೇಕು ಅಂತ ಬಂತು. ಹೊಸ ಪಂಪ್‌ಗೆ ಇದು ದೊಡ್ಡ ಮಾತಲ್ಲ. ವರ್ಷಗಟ್ಟಲೆ ಓಡಿ ದಣಿದ ಪಂಪ್‌ಗೆ, ಅದರ ಮೇಲೆ ನಾವು ಬೂಸ್ಟೂ ಏರಿಸಿದರೆ, ಉಳಿಯೋದೇನು?

ಅದಕ್ಕೇ ಮೊದಲು ಅಳತೆ. ಪರಿಚಯದ ಮೆಕ್ಯಾನಿಕ್ ಫ್ಯೂಯೆಲ್ ಲೈನ್‌ಗೆ ಪ್ರೆಶರ್ ಗೇಜ್ ಜೋಡಿಸಿ, ಪೆಟ್ರೋಲ್ ಪೈಪ್ ಗಾಡಿಯೊಳಗೆ ಬರಬಾರದು ಅಂತ ಗೇಜನ್ನು ಗಾಜಿನ ಹೊರಗೆ ವೈಪರ್‌ಗೆ ಕಟ್ಟಿದರು. ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಏರುವಾಗ ಅವರು ಗಾಡಿ ಓಡಿಸಿದರು, ನಾವು ಮುಳ್ಳು ನೋಡಿದೆವು. 4 ಬಾರ್ ನಿಲ್ಲಬೇಕಾದ ಕಡೆ 3.4ಕ್ಕೆ ಇಳೀತು. ಇನ್ನೂ ಬೂಸ್ಟ್ ಏರಿಸಿಯೇ ಇಲ್ಲ!

ಕಾಕಾನ ಎರಡನೇ ಪ್ರಶ್ನೆ: “ವೋಲ್ಟೇಜ್ ನೋಡೀರೇನು?” ಮೋಟಾರ್ ಸುಟ್ಟು ಅನುಭವ ಇದ್ದವರು. ಮಲ್ಟಿಮೀಟರ್ ಹಿಡಿದೆವು: ಬ್ಯಾಟರಿಯಲ್ಲಿ 13.8, ಪಂಪ್ ಹತ್ರ 11.6. ಹಳೆಯ ವೈರು, ಕಪ್ಪಾದ ಕನೆಕ್ಟರ್. ಈ ವೈರಿಗೆ ಇನ್ನೂ ಹೆಚ್ಚು ಕರೆಂಟ್ ಎಳೆಯೋ ದೊಡ್ಡ ಪಂಪ್ ಜೋಡಿಸಿದ್ದರೆ ವೋಲ್ಟೇಜ್ ಮತ್ತೂ ಬೀಳುತ್ತಿತ್ತು, ವೈರ್ ಬಿಸಿಯಾಗುತ್ತಿತ್ತು, ಅದೂ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ಬ್ಯಾಟರಿಯಿಂದ ಫ್ಯೂಸ್, ರಿಲೇ ಇಟ್ಟು ದಪ್ಪ ವೈರ್ ಎಳೆಸಿ, ಫಿಲ್ಟರ್ ಬದಲಿಸಿದ ಮೇಲೆ ಅದೇ ಏರಿನಲ್ಲಿ 3.8 ಬಂತು.

ಉಳಿದ 0.2ಕ್ಕಾಗಿ ನಮ್ಮಲ್ಲೇ ಜಗಳ. ಒಬ್ಬನಿಗೆ ಸಿಕ್ಕೋದರಲ್ಲೇ ದೊಡ್ಡ ಪಂಪ್ ಬೇಕು. ಆದರೆ ತೀರಾ ದೊಡ್ಡದಾದರೆ ಐಡಲ್‌ನಲ್ಲಿ ಹೆಚ್ಚಾದ ಪೆಟ್ರೋಲನ್ನು ಹಳೆಯ ರೆಗ್ಯುಲೇಟರ್ ವಾಪಸ್ ಕಳಿಸಲಾರದು, ರೇಲ್ ಒತ್ತಡ ಹತೋಟಿ ತಪ್ಪುತ್ತೆ. ಕಾಕಾ ತಮ್ಮ ಲೆಕ್ಕ ಹೇಳಿದರು: “ಇದು ಅವ್ವನ್ನ ರಾತ್ರಿ ಮಿರಜ್ ದವಾಖಾನಿಗೆ ಒಯ್ಯೋ ಗಾಡಿ. ಅರ್ಧ ದಾರ್ಯಾಗ ನಿಂತ್ರ ನಿಮ್ಮ ಎಚ್‌ಪಿ ತಗೊಂಡ್ ಏನ್ ಮಾಡ್ಲಿ?”

ಅಜ್ಜಿಗೆ ಉಸಿರಾಟದ ತೊಂದರೆ. ಆ ಮನೆಯಲ್ಲಿರೋದು ಒಂದೇ ಗಾಡಿ. ಅಲ್ಲಿಗೆ ವಾದ ನಿಂತಿತು.

ಮೂಲಕ್ಕಿಂತ ಸ್ವಲ್ಪವೇ ದೊಡ್ಡದಾದ, ಎಥೆನಾಲ್ ತಾಳುವ ಪಂಪ್ ಹಾಕಿಸಿದೆವು. ಹಳೆಯ ರಬ್ಬರ್ ಹೋಸ್, ಸೀಲುಗಳನ್ನೂ ಬದಲಿಸಿದೆವು, ಎಥೆನಾಲ್‌ಗೆ ಹಳೆಯ ರಬ್ಬರ್ ಕೆಡುತ್ತೆ. ಮುಳ್ಳು ಈಗ ಘಾಟ್‌ನಲ್ಲೂ 4ರಲ್ಲೇ ನಿಲ್ಲುತ್ತೆ. ಬೂಸ್ಟ್ ಕಂಪನಿ ಕೊಟ್ಟಷ್ಟೇ. ವೇಗ ಒಂದಿಷ್ಟೂ ಹೆಚ್ಚಾಗಿಲ್ಲ, ಫೋಟೋ ಹಾಕೋಕೂ ಏನಿಲ್ಲ.

ರೀಮ್ಯಾಪ್ ಆಸೆ ನಮಗಿನ್ನೂ ಹೋಗಿಲ್ಲ. ಅದನ್ನು ನಮ್ಮ ಸಂಬಳದಲ್ಲಿ ಕೊಂಡ ಗಾಡಿಗೆ ಮಾಡ್ತೀವಿ. ನೀವೂ ಈ ರಜೆಯಲ್ಲಿ ಪಂಪ್ ಆರ್ಡರ್ ಮಾಡೋ ಯೋಚನೆಯಲ್ಲಿದ್ದರೆ ಮೊದಲು ಒಂದು ಗೇಜ್, ಒಂದು ಮಲ್ಟಿಮೀಟರ್ ತನ್ನಿ. ಮನೆಯಲ್ಲಿ ಹೊಲದ ಮೋಟಾರ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಅವರನ್ನೂ ಪಕ್ಕಕ್ಕೆ ಕರ್ಕೊಳ್ಳಿ.