ಕೊತ್ತಗೆರೆಯ ಆಕಾಶಮಲ್ಲಿಗೆ

ಕಳೆದ ಕಾರ್ತಿಕಮಾಸದಲ್ಲಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಹೋಗುವ ಸುಯೋಗ ನಮಗೆ ಒದಗಿತು. ತೋಂಟದ ಸಿದ್ಧಲಿಂಗ ಯತಿಗಳು ತಪಗೈದ ಕಗ್ಗೆರೆಯೂ, ಸಮಾಧಿಸ್ಥರಾದ ಎಡೆಯೂರೂ ಇದೇ ತಾಲ್ಲೂಕಿಗೆ ಸೇರಿದವು. ಈ ಸೀಮೆಗೆ ಬರುವ ಭಕ್ತರು ಬಹುಮಟ್ಟಿಗೆ ಆ ಎರಡು ಕ್ಷೇತ್ರಗಳ ದರ್ಶನ ಪಡೆದು, ಕುಣಿಗಲ್ಲಿನ ದೊಡ್ಡಕೆರೆಯನ್ನು ಕಂಡು ಹಿಂದಿರುಗುವರು. ಹೋಬಳಿಯ ಊರಾದ ಕೊತ್ತಗೆರೆಗೆ ಯಾತ್ರಿಕರು ಬರುವುದು ವಿರಳ. ಭಕ್ತರೊಬ್ಬರ ಮನೆಯ ಶಿವಾನುಭವಗೋಷ್ಠಿಯ ನಿಮಿತ್ತ ನಾವು ಅಲ್ಲಿಗೆ ತೆರಳಿದ್ದೆವು.

ಊರು ತಲಪಿದಾಗ ಕತ್ತಲಾಗಿತ್ತು. ಗೋಷ್ಠಿ ಮುಗಿದು, ಪ್ರಸಾದ ಸ್ವೀಕರಿಸಿ, ಜಗುಲಿಯ ಮೇಲೆ ಮಲಗಿದೆವು. ರಾತ್ರಿಯೆಲ್ಲ ತಣ್ಣನೆಯ ಸುಗಂಧವೊಂದು ಸುಳಿಯುತ್ತಲೇ ಇತ್ತು. ಬೆಳಗಿನ ಜಾವ ಕಣ್ದೆರೆದು ನೋಡುತ್ತೇವೆ, ಅಂಗಳವೆಲ್ಲ ಬಿಳಿಯ ಹೂವಿನಿಂದ ಮುಚ್ಚಿಹೋಗಿದೆ! ತಲೆಯೆತ್ತಿದರೆ ತೆಂಗಿನ ಮರಗಳಿಗೆ ಸಮನಾಗಿ ನಿಂತ ಆಕಾಶಮಲ್ಲಿಗೆಯ ಮರ.

ಮನೆಯ ಹಿರಿಯ ತಾಯಿಯವರು ಮರದಡಿಯಲ್ಲಿ ಹಿಂದಿನ ಸಂಜೆಯೇ ಹಾಸಿದ್ದ ಮಡಿಬಟ್ಟೆಯಿಂದ ಹೂಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ನೆಲಕ್ಕೆ ಬಿದ್ದ ಹೂ ಪೂಜೆಗೆ ಸಲ್ಲದೆಂಬ ಭಾವನೆ ನಮ್ಮ ಮನೆಗಳಲ್ಲಿ ರೂಢವಾಗಿದೆ. ಪಾರಿಜಾತಕ್ಕೆ ಮಾತ್ರ ವಿನಾಯಿತಿ. ಈ ಹೂವೂ ಪಾರಿಜಾತದಂತೆ ಇರುಳಲ್ಲಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವುದರಿಂದ ಆ ತಾಯಿ ಕಂಡುಕೊಂಡ ಉಪಾಯವಿದು. ಮೊಮ್ಮಗಳು ಹೂವಿನ ನೀಳವಾದ ತೊಟ್ಟುಗಳನ್ನೇ ಒಂದಕ್ಕೊಂದು ಹೆಣೆದು, ದಾರವಿಲ್ಲದೆ ಜಡೆಯಂತಹ ಮಾಲೆ ಮಾಡುತ್ತಿದ್ದಳು.

ಆದರೆ ಮನೆಯ ಯಜಮಾನರ ಮುಖದಲ್ಲಿ ಚಿಂತೆಯಿತ್ತು. "ಸ್ವಾಮಿ, ಮುಂಗಾರಿನ ಗಾಳಿಗೆ ಇದರ ಕೊಂಬೆ ಮುರಿದು ಕೊಟ್ಟಿಗೆಯ ಮೇಲೆ ಬಿತ್ತು. ಹಸು ಉಳಿದದ್ದೇ ಪುಣ್ಯ. ಕಡಿಸೋಣವೆಂದರೆ ಅವ್ವ ಒಪ್ಪುವುದಿಲ್ಲ. ತಾವೇ ಒಂದು ಮಾತು ಹೇಳಬೇಕು" ಎಂದರು. ತಾಯಿಯವರು ಬುಟ್ಟಿಯಿಂದ ತಲೆಯೆತ್ತದೆ, "ನಿಮ್ಮಪ್ಪ ನೆಟ್ಟದ್ದು" ಎಂದಷ್ಟೇ ನುಡಿದರು. ಅವರ ಪತಿ ಲಿಂಗೈಕ್ಯರಾಗಿ ಒಂಬತ್ತು ವರ್ಷಗಳಾಗಿದ್ದವು. ಮರ ನೆಟ್ಟು ಮೂವತ್ತು ವರ್ಷಗಳು ಸಂದಿದ್ದವು. ನಾವು ಕೂಡಲೇ ಉತ್ತರ ಕೊಡಲಿಲ್ಲ. ಮರದ ಗುಣವನ್ನರಿಯದೆ ತೀರ್ಪು ಹೇಳುವುದು ಸರಿಯಲ್ಲ.

ಆಕಾಶಮಲ್ಲಿಗೆ ಹೆಸರಿಗೆ ಮಲ್ಲಿಗೆಯಾದರೂ ಮಲ್ಲಿಗೆಯ ಕುಲದ್ದಲ್ಲ. ಪಾದರಿಯ ಕುಟುಂಬಕ್ಕೆ ಸೇರಿದುದು. ತಮಿಳರು ಇದನ್ನು ಮರಮಲ್ಲಿ ಎನ್ನುವರು. ಎಲೆ ಬೇವಿನೆಲೆಯನ್ನು ಹೋಲುವುದರಿಂದ ಹಿಂದಿಯಲ್ಲಿ ಆಕಾಶ್ ನೀಮ್ ಎಂಬ ಹೆಸರಿದೆ. ಸಸ್ಯಶಾಸ್ತ್ರಜ್ಞರು ಮಿಲ್ಲಿಂಗ್‌ಟೋನಿಯಾ ಹಾರ್ಟೆನ್ಸಿಸ್ ಎಂದು ಕರೆದಿರುವರು. ಹದಿನೇಳನೆಯ ಶತಮಾನದ ಆಂಗ್ಲ ವೈದ್ಯ ಥಾಮಸ್ ಮಿಲ್ಲಿಂಗ್‌ಟನ್ನರ ಸ್ಮರಣಾರ್ಥ ಲಿನೇಯಸ್ಸನ ಮಗನು ಇಟ್ಟ ಹೆಸರಿದು. ಹಾರ್ಟೆನ್ಸಿಸ್ ಎಂದರೆ ತೋಟದ್ದು ಎಂದರ್ಥ. ಈ ಪಂಗಡದಲ್ಲಿರುವುದು ಇದೊಂದೇ ಜಾತಿ. ಬರ್ಮಾ ಮತ್ತು ಅದರ ಪೂರ್ವದ ದೇಶಗಳು ಇದರ ತವರು. ಅಲಂಕಾರಕ್ಕಾಗಿ ನಮ್ಮ ದೇಶಕ್ಕೆ ಬಂದು, ಉದ್ಯಾನ, ಸಾಲುಮರ, ಶಾಲೆಯ ಅಂಗಳಗಳಲ್ಲಿ ನೆಲೆಸಿತು.

ಮರ ನೆಟ್ಟಗೆ ಬೆಳೆದು ಎಂಬತ್ತು ಅಡಿಯವರೆಗೂ ಏರಬಲ್ಲದು. ಹೆಚ್ಚು ಹರಡದ ಕಾರಣ ಇಕ್ಕಟ್ಟಾದ ಜಾಗಕ್ಕೂ ಒಗ್ಗುತ್ತದೆ. ಬೇಗನೆ ಬೆಳೆದು ಆರರಿಂದ ಎಂಟು ವರ್ಷಗಳಲ್ಲಿ ಪ್ರೌಢವಾಗುತ್ತದೆ. ಆಯುಷ್ಯ ಸುಮಾರು ನಲವತ್ತು ವರ್ಷ. ತೊಗಟೆ ಬೆಂಡಿನಂತೆ ಹಗುರ. ಬಾಟಲಿಯ ಬಿರಡೆಗೆ ಇದನ್ನು ಬಳಸುತ್ತಿದ್ದುದುಂಟು, ಗುಣದಲ್ಲಿ ಕೀಳೆನ್ನಬೇಕು. ಮೃದುವಾದ ಬಿಳಿಹಳದಿ ಮರ ಅಲಂಕಾರದ ಕೆಲಸಗಳಿಗೆ ಒದಗುತ್ತದೆ. ಹೂವು ಎರಡೂವರೆ ಅಂಗುಲದಷ್ಟು ನೀಳವಾದ ಕೊಳವೆ. ಅದರ ತಳದ ಮಕರಂದ ಉದ್ದ ನಾಲಗೆಯ ಇರುಳ ಪತಂಗಗಳಿಗೆ ಮೀಸಲು. ಥಾಯ್ಲೆಂಡಿನಲ್ಲಿ ಒಣಗಿದ ಹೂವನ್ನು ಉಬ್ಬಸಕ್ಕೆ ಮದ್ದಾಗಿ ಬಳಸುವ ಸಂಪ್ರದಾಯವಿದೆ. ಓದುಗರು ಇದನ್ನು ಕೇಳಿ ತಿಳಿದರೆ ಸಾಕು. ಉಬ್ಬಸಕ್ಕೆ ವೈದ್ಯರನ್ನೇ ಕಾಣಬೇಕು.

ಇಷ್ಟೆಲ್ಲ ಗುಣಗಳಿರುವ ಈ ಮರಕ್ಕೆ ದೊಡ್ಡ ದೋಷವೂ ಉಂಟು. ಬೇರು ಆಳಕ್ಕಿಳಿಯದು, ಕೊಂಬೆ ಪೆಡಸು. ಬಿರುಗಾಳಿಗೆ ಮುರಿಯುತ್ತದೆ, ಕೆಲವೊಮ್ಮೆ ಬುಡಸಮೇತ ಉರುಳುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಯೌವನದಲ್ಲಿ ಪಾಠಶಾಲೆಯೊಂದರಲ್ಲಿ ಬೋಧಿಸುತ್ತಿದ್ದಾಗ, ಹೂವಿನ ಆಸೆಯಿಂದ ಅಡುಗೆಮನೆಯ ಗೋಡೆಗೆ ಹತ್ತಿಕೊಂಡೇ ಒಂದು ಸಸಿ ನೆಟ್ಟೆವು. ಬಲ್ಲವರು ಬೇಡವೆಂದರು, ನಾವು ಕೇಳಲಿಲ್ಲ. ಹನ್ನೆರಡನೆಯ ವರ್ಷ ಒಂದು ಸಂಜೆಯ ಮಳೆಗೆ ಮರ ಉರುಳಿ ಹೆಂಚು ಪುಡಿಯಾಯಿತು. ಹುಡುಗರು ಆಗತಾನೆ ಪಂಕ್ತಿಗೆ ಎದ್ದುಹೋಗಿದ್ದರು. ಅಂದು ರಾತ್ರಿ ನಮಗೆ ಅನ್ನ ಇಳಿಯಲಿಲ್ಲ. ತಪ್ಪು ಮರದ್ದಾಗಿರಲಿಲ್ಲ, ನೆಟ್ಟ ಕೈಯದಾಗಿತ್ತು.

ಈ ವೃತ್ತಾಂತವನ್ನು ಆ ತಾಯಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು. ಬಳಿಕ ಮರದ ಸುತ್ತ ನಡೆದು ನೋಡಿದರೆ, ನಾಲ್ಕು ಮಾರು ದೂರದಲ್ಲಿ ಮೂರು ಎಳೆಯ ಸಸಿಗಳು ಕಂಡವು. ನಮ್ಮ ದೇಶದಲ್ಲಿ ಈ ಮರ ಬೀಜ ಕಟ್ಟುವುದು ಅಪರೂಪ. ಬೇರಿನಿಂದಲೇ ಮರಿಗಳು ಏಳುತ್ತವೆ. "ತಾಯಿ, ಇವು ಬೀಜದಿಂದ ಹುಟ್ಟಿದ ಬೇರೆ ಗಿಡಗಳಲ್ಲ. ಯಜಮಾನರು ನೆಟ್ಟ ಮರದ ಬೇರೇ ಹೀಗೆ ಮೇಲೆ ಬಂದಿದೆ. ಇದನ್ನು ಬಯಲಿನಲ್ಲಿ ನೆಟ್ಟರೆ ಆ ಮರವೇ ಉಳಿದಂತೆ" ಎಂದೆವು.

ತಾಯಿಯವರು ಬಹಳ ಹೊತ್ತು ಆ ಸಸಿಗಳನ್ನೇ ನೋಡಿದರು. "ಕೊಟ್ಟಿಗೆ ಹತ್ತಿರ ಬೇಡ ಅಂತ ಅವರಿಗೂ ಆಗಲೇ ಹೇಳಿದ್ದೆ, ಕೇಳಲಿಲ್ಲ" ಎಂದು ಮೆಲ್ಲನೆ ನಕ್ಕರು. ಮಗನ ಕಣ್ಣು ತೇವವಾಯಿತು.

ಕೊಟ್ಟಿಗೆಯ ಮೇಲೆ ಚಾಚಿದ ಕೊಂಬೆಗಳನ್ನು ಮೊದಲು ಇಳಿಸುವುದು, ಬೇರುಸಸಿಗಳನ್ನು ಬಿಡಿಸಿ ಮುಂಗಾರಿನವರೆಗೆ ಕುಂಡದಲ್ಲಿ ಸಾಕುವುದು, ಅವು ಚಿಗುರಿದ ಮೇಲೆಯೇ ಹಳೆಯ ಮರವನ್ನು ತೆಗೆಯುವುದು ಎಂದು ನಿಶ್ಚಯವಾಯಿತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದ ಇರುವುದರಿಂದ, ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವಂತೆಯೂ ತಿಳಿಸಿದೆವು.

ಮುಂಗಾರು ಹಿಡಿದ ಮೇಲೆ ಆ ಮನೆಯಿಂದ ದೂರವಾಣಿ ಬಂದಿತು. ಮೂರರಲ್ಲಿ ಎರಡು ಸಸಿ ಬದುಕಿವೆ. ರಾಗಿ ಹೊಲದ ಬದುವಿನಲ್ಲಿ ಒಂದನ್ನು ತಾಯಿಯವರೂ ಮತ್ತೊಂದನ್ನು ಮೊಮ್ಮಗಳೂ ನೆಟ್ಟಿರುವರಂತೆ.

ಆಕಾಶಮಲ್ಲಿಗೆಯನ್ನು ಬಯಸುವ ಓದುಗ ಬಂಧುಗಳು ಅವಶ್ಯವಾಗಿ ನೆಡಲಿ. ಮನೆ, ಕೊಟ್ಟಿಗೆ, ವಿದ್ಯುತ್ ತಂತಿಗಳಿಂದ ಮರದ ಎತ್ತರದಷ್ಟು ದೂರವಿರಲಿ. ಪರಿಮಳ ಅಷ್ಟು ದೂರದಿಂದಲೂ ನಿಮ್ಮ ಜಗುಲಿಗೆ ತಾನಾಗಿ ಬರುತ್ತದೆ.