ಹೋಗೆಂದರೂ ಹೋಗದ ಕಾವಲು

ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸುವುದು ಸುಲಭ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು ಕೇಳುವ ಮೊದಲೇ ಹಾಕಿಕೊಡುತ್ತಿದ್ದರು. ಯಂತ್ರದ ಯಜಮಾನ ಯಾರೆಂಬುದು ಗೊತ್ತಾಗುವುದು ಅದನ್ನು ತೆಗೆಯಲು ಹೋದಾಗ.

ಕಂಟ್ರೋಲ್ ಪ್ಯಾನೆಲ್ ತೆರೆದು ಅನ್‌ಇನ್‌ಸ್ಟಾಲ್ ಒತ್ತಿದೆ. 'ನಿಜವಾಗಿಯೂ ತೆಗೆಯುತ್ತೀರಾ?' ಅಂತು. 'ಇರಲಿ ಬಿಡಿ' ಎಂಬ ಗುಂಡಿ ಹಚ್ಚಹಸಿರು, ಅಂಗೈಯಗಲ. 'ತೆಗೆಯಿರಿ' ಎಂಬುದು ಬೂದುಬಣ್ಣದಲ್ಲಿ, ಕನ್ನಡಕ ಹಾಕಿದವರಿಗಷ್ಟೇ ಕಾಣುವಂತೆ ಮೂಲೆ ಸೇರಿತ್ತು. ಅದನ್ನು ದಾಟಿದರೆ ಸೊಟ್ಟಸೊಟ್ಟ ಅಕ್ಷರಗಳನ್ನು ಗುರುತಿಸಿ ನಾನು ಮನುಷ್ಯನೇ ಎಂದು ರುಜುವಾತು ಮಾಡಬೇಕು. ಆಮೇಲೆ 'ಯಾಕೆ ಬೇಡವಾಯಿತು?' ಎಂಬ ಪ್ರಶ್ನಾವಳಿ. ನಾನು ನೌಕರಿ ಬಿಟ್ಟಾಗಲೂ ಯಾರೂ ಇಷ್ಟು ವಿಚಾರಿಸಿಕೊಂಡಿರಲಿಲ್ಲ.

ಈ ಹಟಕ್ಕೂ ಒಂದು ನ್ಯಾಯವಿದೆ. ಒಳನುಗ್ಗಿದ ಎಷ್ಟೋ ವೈರಸ್‌ಗಳು ಮೊದಲು ಆಂಟಿವೈರಸ್ಸಿನ ಕತ್ತು ಹಿಸುಕಲು ನೋಡುತ್ತವೆ. ಹಾಗಾಗಿ ತನ್ನನ್ನು ಮುಟ್ಟಬಂದವರೆಲ್ಲ ಕಳ್ಳರೆಂದೇ ಅದಕ್ಕೆ ಪಾಠ. ದುಡ್ಡು ಕೊಟ್ಟು ತಂದವನಿಗೂ ರಿಯಾಯಿತಿಯಿಲ್ಲ. ಹೋದ ಮೇಲೂ ಅದರ ಡ್ರೈವರ್‌ಗಳು ವಿಂಡೋಸಿನ ಹೊಟ್ಟೆಯೊಳಗೆ, ಗುರುತುಗಳು ರಿಜಿಸ್ಟ್ರಿಯಲ್ಲಿ ಉಳಿದುಬಿಡುತ್ತವೆ. ಅವನ್ನು ಗುಡಿಸಲು ಕಂಪನಿಗಳೇ ಬೇರೊಂದು ತಂತ್ರಾಂಶ ಕೊಡುತ್ತವೆ. ಅದನ್ನು ಸೇಫ್ ಮೋಡಿನಲ್ಲಿ ಓಡಿಸಿದೆ. ಕಪ್ಪು ಪರದೆ, ನಾಲ್ಕು ಮೂಲೆಯಲ್ಲೂ 'ಸೇಫ್ ಮೋಡ್' ಎಂಬ ಬರಹ, ಐಕಾನುಗಳೆಲ್ಲ ಊದಿಕೊಂಡು ಹೋಳಿಗೆಯಷ್ಟಾಗಿದ್ದವು.

ಜಾನ್ ಮೆಕಾಫಿಯ ಮುಂದೆ ನನ್ನದೇನೂ ಅಲ್ಲ. 1987ರಲ್ಲಿ ತನ್ನ ಹೆಸರಿನಲ್ಲೇ ಆಂಟಿವೈರಸ್ ಕಂಪನಿ ಕಟ್ಟಿ, 1994ರಲ್ಲಿ ಬಿಟ್ಟುಹೋದ ಪುಣ್ಯಾತ್ಮ ಆತ. ಮೆಕಾಫಿ ಆಂಟಿವೈರಸ್ ತೆಗೆಯುವುದು ಹೇಗೆಂದು 2013ರಲ್ಲಿ ಒಂದು ತಮಾಷೆಯ ವಿಡಿಯೊ ಮಾಡಿದ. ಅದರ ಕೊನೆಗೆ ಕಂಪ್ಯೂಟರಿಗೇ ಗುಂಡು ಹೊಡೆದ. ಹೆತ್ತಪ್ಪನಿಗೇ ಅಷ್ಟಾದರೆ ನಮ್ಮಂಥವರ ಪಾಡೇನು?

ಆದರೂ ಒಂದು ಕಾಲಕ್ಕೆ ನಮ್ಮ ಆಂಟಿವೈರಸ್ ಮನೆಮಂದಿಯಲ್ಲೊಂದಾಗಿತ್ತು. ಸೈಬರ್ ಕೆಫೆಯಿಂದ ಬಂದ ಪೆನ್‌ಡ್ರೈವ್ ಚುಚ್ಚಿದೊಡನೆ ಕೆಂಪು ಫಲಕ ಎತ್ತಿ ಕೂಗುತ್ತಿತ್ತು. ತನ್ನ ವೈರಸ್ ಪಟ್ಟಿ ಹೊಸದಾದಾಗ ಹೆಣ್ಣುದನಿಯ ಇಂಗ್ಲಿಷಿನಲ್ಲಿ ಸುದ್ದಿ ಹೇಳುತ್ತಿತ್ತು. ಅಮ್ಮ ಅಡುಗೆಮನೆಯಿಂದಲೇ, "ಯಾರೋ ಬಂದ್ರು ನೋಡೋ" ಅನ್ನುತ್ತಿದ್ದಳು. ರಾತ್ರಿ ಕೋಲು ಬಡಿಯುತ್ತಾ ಬರುವ ಬೀದಿಯ ಗೂರ್ಖನಂತೆ ಅದು: ಕಳ್ಳರನ್ನು ಎಷ್ಟು ಹಿಡಿಯಿತೋ ದೇವರೇ ಬಲ್ಲ, ಆ ಸದ್ದಿಗೆ ನಮಗಂತೂ ನಿದ್ದೆ ಬರುತ್ತಿತ್ತು.

ತೆಗೆದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. 2012ರ ವಿಂಡೋಸ್ 8ರಿಂದಲೇ ಡಿಫೆಂಡರ್ ಎಂಬ ಆಂಟಿವೈರಸ್ ಒಳಗೇ ಬರುತ್ತದೆ. ಇನ್ನೊಂದು ಕಾವಲು ಇರುವಷ್ಟು ದಿನ ಸುಮ್ಮನಿದ್ದು, ಅದು ಹೊರಟೊಡನೆ ತಾನೇ ಎದ್ದು ನಿಲ್ಲುತ್ತದೆ. ಸಂಬಳವಿಲ್ಲ, ಮಾತೂ ಕಡಿಮೆ. ಕಂಪ್ಯೂಟರ್ ಹಗುರವಾಯಿತು, ಆದರೆ 'ನೀವು ಅಪಾಯದಲ್ಲಿದ್ದೀರಿ' ಎಂದು ದಿನಾ ಕಾಳಜಿ ಮಾಡುವವರು ಒಬ್ಬರು ಕಡಿಮೆಯಾದರು.

ಈಗ ವೈರಸ್ಸುಗಳ ರೀತಿಯೂ ಬದಲಾಗಿದೆ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದ 'ಬ್ರೇನ್' ಪಿಸಿ ಲೋಕದ ಮೊದಲ ವೈರಸ್. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು. ಅಂಥ ಮರ್ಯಾದಸ್ಥರು ಈಗೆಲ್ಲಿ? ಇಂದಿನವರು ಕಂಪ್ಯೂಟರಿನ ಗೊಡವೆಗೇ ಹೋಗದೆ ನೇರ ಅಪ್ಪನ ಮೊಬೈಲಿಗೆ ಬಂದು, "ಸಾರ್, ನಿಮ್ಮ ಕೆವೈಸಿ ಬಾಕಿ ಇದೆ" ಅನ್ನುತ್ತಾರೆ. ಮೊನ್ನೆ ಹಾಗೇ ಒಂದು ಕರೆ ಬಂತು. ಓಟಿಪಿ ಗಿಟಿಪಿ ತನಗೆ ತಿಳಿಯದೆಂದು ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟ.

"ಯಾವೂರಪ್ಪ ನಿಂದು? ಯಾರ ಮಗ?" ಎಂದು ಅಮ್ಮ ಶುರುಮಾಡಿದಳು. ಆ ಕಡೆಯವನು ಫೋನಿಟ್ಟ.